ಬೆನ್ನ ಮೇಲಿನ ಸುಳಿ

ಪಾಪಾತಿಗೆ ಐವತ್ಮೂರು ವರ್ಷ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಚೀಲದಲ್ಲಿ ಹೊತ್ತು ಪಾಲಮಲೆ ಬೆಟ್ಟದ ನಾಲ್ಕು ಊರುಗಳಲ್ಲಿ ಮನೆಮನೆಗೆ ಕೊಟ್ಟು ಬರುವುದು ಅವಳ ಕೆಲಸ. ಜೀಪು ಹೋಗುವ ದಾರಿ ಬೆಟ್ಟದ ಇನ್ನೊಂದು ಮಗ್ಗುಲಲ್ಲಿದೆ. ಅವಳ ಪಾಲಿಗೆ ಬಂದದ್ದು ಕಲ್ಲಿನ ಕಾಲುದಾರಿ. ಹತ್ತುವಾಗ ಎಡಮಂಡಿಯೊಳಗೆ ಯಾರೋ ಮರಳು ಅರೆದಂತಾಗುತ್ತದೆ. ಕೊನೆಯ ಊರಿಗೆ ಹೋಗದೆ ಮೂರು ತಿಂಗಳಾಗಿತ್ತು. ಇನ್ನೂ ಹೀಗೇ ಆದರೆ ಕೆಲಸವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಆಸ್ಪತ್ರೆಯ ಮೇಲಿನವರು ಮೆಲ್ಲಗೆ ಹೇಳಿದ್ದರು.

ಅದಕ್ಕೇ ಕುದುರೆ. ತಮ್ಮ ಗೋವಿಂದರಾಜನನ್ನು ಕರೆದುಕೊಂಡು ಕೊಳತ್ತೂರಿನ ಆಚೆ ಕುದುರೆ ಮಾರುವ ಅರುಣಾಚಲಂನ ಕೊಟ್ಟಿಗೆಗೆ ಹೋದಳು.

"ವಾಂಗಕ್ಕಾ," ಎಂದು ಅರುಣಾಚಲಂ ಒಳಗೆ ಕರೆದ. "ಯಾರ್ ಕೂರೋದು, ತಮ್ಮನಾ?"

"ನಾನೇ."

"ಸೀರೇಲಾ?"

"ಒಳಗೆ ಪ್ಯಾಂಟ್ ಆಕ್ಕಂತೀನಿ ಬಿಡು."

ಇದ್ದದ್ದು ಎರಡೇ: ಒಂದು ಕಂದು ಗಂಡು, ಒಂದು ಕಪ್ಪು ಹೆಣ್ಣು. ಗೋವಿಂದರಾಜ ಚೊಂಬಿನಲ್ಲಿ ನೀರು ತರಿಸಿ, ಕುದುರೆಗಳ ಕೂದಲು ಒದ್ದೆ ಮಾಡಿ, ಬೆರಳಾಡಿಸುತ್ತ ಸುಳಿ ಹುಡುಕಿದ. ಕಪ್ಪು ಕುದುರೆಯ ಬೆನ್ನಿನ ಮೇಲೆ ಅವನ ಕೈ ನಿಂತಿತು.

"ಇದು ಬ್ಯಾಡಕ್ಕಾ. ಮನೆ ಯಜಮಾನ್ನ ತಿನ್ನೋ ಸುಳಿ." ಕಂದು ಕುದುರೆಯ ಹಣೆಯಲ್ಲಿ ಅವನಿಗೆ ಜೋಡಿ ಸುಳಿ ಸಿಕ್ಕಿತು. "ಇದು ನೋಡು, ರಾಜನ ಲಕ್ಷಣ."

"ಬೆಟ್ಟ ಅತ್ತುತ್ತಾ?" ಎಂದಳು ಪಾಪಾತಿ.

"ಏರ್ಕಾಡಲ್ಲಿ ನಾಕ್ ವರ್ಷ ಟೂರಿಸ್ಟ್ ಜನಾನ ಒತ್ಕಂಡ್ ತಿರುಗೈತಕ್ಕಾ," ಎಂದ ಅರುಣಾಚಲಂ. "ಅದೂ ಬೆಟ್ಟಾನೇ ಅಲ್ವಾ?"

ಕಂದು ಕುದುರೆ ಮನೆಗೆ ಬಂತು. ಮೊದಲ ದಿನ ಟೀ ಅಂಗಡಿಯ ಮಂಜುಳಮ್ಮ, "ರಾಣಿಯಮ್ಮನ ಸವಾರಿ ಎಲ್ಲಿಗೆ?" ಎಂದು ಕೂಗಿದಳು. ಪಾಪಾತಿ ನಕ್ಕಳು. ಕಾಲುದಾರಿಯ ಹುಣಸೆಮರದವರೆಗೆ ಕುದುರೆ ಚೆನ್ನಾಗಿಯೇ ನಡೆಯಿತು. ಅಲ್ಲಿ ತಾನಾಗಿ ತಿರುಗಿ, ಬಂದ ದಾರಿಯಲ್ಲೇ ಇಳಿಯತೊಡಗಿತು. ಮರುದಿನವೂ ಅಲ್ಲೇ. ಕಡ್ಡಿಯಿಂದ ತಟ್ಟಿದಳು, ಬೆಲ್ಲ ತೋರಿಸಿದಳು. ನಾಲ್ಕನೆಯ ದಿನ ಅವಳಿಗೆ ಅರ್ಥವಾಯಿತು. ಏರ್ಕಾಡಿನ ಕೆರೆಯ ಹತ್ತಿರ ಜನರನ್ನು ಕೂರಿಸಿ, ಅಷ್ಟು ದೂರ ಹೋಗಿ, ತಿರುಗಿ ಬಂದು ಇಳಿಸುವುದು. ಅದರ ಬದುಕಿನಲ್ಲಿ ದಾರಿ ಎಂದರೆ ಅಷ್ಟೇ ಉದ್ದ.

ಅವಳು ಇಳಿದು ಹಗ್ಗ ಹಿಡಿದು ನಡೆದರೆ ಮಾತ್ರ ಹಿಂದೆ ಬರುತ್ತಿತ್ತು. ಹೀಗೆ ಎರಡು ವಾರ ಮಂಡಿಯನ್ನೂ ಕುದುರೆಯನ್ನೂ ಎಳೆದುಕೊಂಡು ಎರಡನೆಯ ಊರಿನವರೆಗೆ ಹತ್ತಿದಳು. ಅದರಾಚೆ ಆಗಲಿಲ್ಲ.

ಕಂದು ಕುದುರೆಯನ್ನು ಹಿಡಿದುಕೊಂಡು ತಮ್ಮನ ಜೊತೆ ಮತ್ತೆ ಕೊಟ್ಟಿಗೆಗೆ ಹೋದಾಗ ಕಪ್ಪು ಕುದುರೆ ಅದೇ ಗೂಟದಲ್ಲಿತ್ತು.

"ಅದು ಮೊದ್ಲು ಏನ್ ಮಾಡ್ತಿತ್ತು?"

"ಬೆಟ್ಟಕ್ಕೆ ಜನಾನ, ರಾಗಿ ಮೂಟೇನ ಒರ್ತಿತ್ತು. ಸುಳಿ ನೋಡಿ ಯಾರೂ ತಗಳಲ್ಲಕ್ಕಾ. ಎರಡ್ ವರ್ಷದಿಂದ ಸುಮ್ನೆ ನಿಂತೈತೆ."

"ಅದನ್ನ ಕೊಡು. ಇದನ್ನ ಇಟ್ಕೋ."

ಗೋವಿಂದರಾಜ ಅವಳ ಕೈ ಹಿಡಿದ. "ಯಜಮಾನ್ನ ತಿನ್ನುತ್ತೆ ಅಂದೆನಲ್ಲಕ್ಕಾ."

"ನಿಮ್ ಬಾವ ಓಗಿ ಒಂಬತ್ ವರ್ಷ ಆತು ಲಾ. ಇನ್ಯಾರ್ನ ತಿನ್ನುತ್ತೆ?"

"ಈಗ ಮನೆ ಯಜಮಾನ ಅಂದ್ರೆ ನೀನೇ ಅಲ್ವಾ?"

ಪಾಪಾತಿ ಬಗ್ಗಿ ಎಡಮಂಡಿಯನ್ನು ನೀವಿಕೊಂಡಳು. ಆ ಮಾತು ಅವಳಿಗೆ ಹೊಳೆದಿರಲಿಲ್ಲ.

"ಮಂಡಿ ಆಗ್ಲೇ ತಿಂತಾ ಐತೆ," ಎಂದಳು. "ಕುದ್ರೆಗೆ ಏನ್ ಉಳಿದೈತೆ."

ಮರುದಿನ ಹುಣಸೆಮರದ ಹತ್ತಿರ ಅವಳ ಕೈ ತಾನಾಗಿ ಹಗ್ಗವನ್ನು ಬಿಗಿಹಿಡಿಯಿತು. ಕಪ್ಪು ಕುದುರೆ ತಲೆ ಎತ್ತದೆ ದಾಟಿತು. ಎರಡನೆಯ ಊರು, ಮೂರನೆಯದು. ಕೊನೆಯ ಏರಿನಲ್ಲಿ ಅದರ ಉಸಿರು ಜೋರಾಯಿತು; ಅದಕ್ಕೂ ವಯಸ್ಸಾಗಿತ್ತು. ಪಾಪಾತಿ ಇಳಿದು ಉಳಿದ ಹತ್ತಿಪ್ಪತ್ತು ಹೆಜ್ಜೆ ಜೊತೆಗೆ ನಡೆದಳು.

ಮೊದಲ ಮನೆಯ ಜಗಲಿಯಲ್ಲಿ ರಾಮಕ್ಕಜ್ಜಿ ಕೂತಿದ್ದಳು. "ಮೂರ್ ತಿಂಗ್ಳ್ ಮೇಲಾತು. ಸತ್ತೇ ಓದೆ ಅನ್ಕಂಡಿದ್ದೆ ಕಣೇ," ಎಂದಳು.

"ಯಾರು, ನೀನಾ ನಾನಾ?"

"ಇಬ್ರೂನೂ."

ಮಾತ್ರೆ ಕೊಟ್ಟು, ನೀರು ಕುಡಿದು, ಪಾಪಾತಿ ಕುದುರೆಯ ಬೆನ್ನಿನ ಬೆವರು ಒರೆಸತೊಡಗಿದಳು. ಒದ್ದೆ ಕೂದಲಲ್ಲಿ ಸುಳಿ ಎದ್ದು ಕಾಣುತ್ತಿತ್ತು. ಅದನ್ನೂ ಸೆರಗಿನಿಂದ ಒರೆಸಿದಳು.