ಹಂಪಮ್ಮನ ಜರ್ಸಿ ಆಕಳು

ಯಾದಗಿರಿ ಕಡೆಯ ಹಂಪಮ್ಮ ಕೂಲಿಗಾಗಿ ಗುಳೆ ಹೋಗಬಾರದೆಂದು ಹೈದರಾಬಾದಿನ ಒಂದು ಸೇವಾ ಸಂಸ್ಥೆ ಆಕೆಗೆ ಜರ್ಸಿ ಆಕಳು ಕೊಟ್ಟಿತು. ಆ ಆಕಳನ್ನು ಸಾಕುವುದಕ್ಕಾಗಿಯೇ ಹಂಪಮ್ಮ ಹೈದರಾಬಾದಿಗೆ ಗುಳೆ ಬಂದಳು.

ಹೊಲವಿಲ್ಲದ ಮನೆ, ಮೇವು ಎಲ್ಲಿಂದ ಬರಬೇಕು? ಊರಿನ ಜೋಳದ ಒಣದಂಟಿನ ಕಣಕಿಯನ್ನು ಆಕಳು ಮೂಸಿ ಮುಖ ತಿರುಗಿಸಿತು. ಅದಕ್ಕೆ ಹಸಿಮೇವು ಬೇಕು, ಹಿಂಡಿ ಬೇಕು, ಬಿಸಿಲೇರಿದರೆ ಮೈಮೇಲೆ ನೀರು ಬೇಕು. ಹಾಲು ಮಾರಿ ಬಂದದ್ದು ಹಿಂಡಿಗೂ ಸಾಲಲಿಲ್ಲ. ಗಂಡ ಮಲ್ಲುವನ್ನು ಬಿಟ್ಟು ಬೇರೆ ಯಾರು ಕೆಚ್ಚಲು ಮುಟ್ಟಿದರೂ ಒದೆಯುತ್ತಿತ್ತು. ಹೀಗಾಗಿ ಮಲ್ಲು ಊರಲ್ಲಿ ಉಳಿದ. ಹಂಪಮ್ಮ ನಗರದಂಚಿನ ಪಟಾನ್‌ಚೆರುವಿನಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಸಿಮೆಂಟಿನ ಬುಟ್ಟಿ ಹೊತ್ತಳು.

ಸಂಜೆ ಮಲ್ಲುವಿನ ಫೋನು ಬರುತ್ತಿತ್ತು. "ಇವತ್ತ ಚಲೋ ಮೇದೈತಿ," ಎನ್ನುತ್ತಿದ್ದ.

"ನಾ ಉಂಡೀನೋ ಇಲ್ಲೋ, ಅದನ್ನೂ ಕೇಳು ಒಮ್ಮೆ," ಎಂದಳು ಒಂದು ದಿನ.

"ಉಂಡಿಯೇನು?"

"ಹ್ಞೂಂ."

"ಹಿಂಡಿ ತೀರೈತಿ," ಎಂದ ಮಲ್ಲು.

ಮರುದಿನ ಕೂಲಿ ಬಿಟ್ಟು, ಬಸ್ಸು ಹಿಡಿದು, ಸನತ್‌ನಗರದಲ್ಲಿದ್ದ ಸಂಸ್ಥೆಯ ಕಚೇರಿಗೆ ಹೋದಳು. ದಾನದ ಆಕಳ ಹಲ್ಲು ಎಣಿಸಬಾರದು ಎನ್ನುತ್ತಾರೆ. ಹಂಪಮ್ಮ ಹಲ್ಲಿನ ಮಾತು ಎತ್ತಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಬೀದರಿನ ಸ್ನೇಹಲತಾ ಆಕೆಯನ್ನು ಕುರ್ಚಿಯಲ್ಲಿ ಕೂಡಿಸಿದಳು.

"ಆಕಳಾ ವಾಪಸ್ ತಗೊಳ್ರಿ, ಮೇಡಂ."

"ಅಕ್ಕಾ, ನಮ್ಮಲ್ಲಿ ಕೊಡೋದಷ್ಟೇ ಐತಿ. ತಗೊಳ್ಳೋದಿಲ್ಲ."

"ಹಂಗಾದ್ರ ಮಾರಲೇನ್ರಿ?"

"ಮಾರಂಗಿಲ್ರಿ. ರೊಕ್ಕ ಕೊಟ್ಟ ಪರದೇಶದವರು ಕೇಳ್ತಾರ."

"ಅವರ ಊರಾಗ ಆಕಳ ಏನು ತಿಂತಾವ್ರಿ?"

"ಹುಲ್ಲು."

"ಬೇಸಿಗ್ಯಾಗೂ?"

ಸ್ನೇಹಲತಾ ಚಹಾ ತರಿಸಿದಳು. ಹಂಪಮ್ಮ ಕುಡಿದು ಮುಗಿಸಿದ ಮೇಲೆ ಸ್ನೇಹಲತಾಳೇ, "ಮಾರಬ್ಯಾಡ ಅಂದಾರ. ಎಲ್ಲಿ ಕಟ್ಟಬೇಕು ಅಂತ ಯಾರೂ ಹೇಳಿಲ್ರಿ," ಎಂದಳು.

ಪಟಾನ್‌ಚೆರುವಿನಲ್ಲಿ ಬಸ್ಸಿಳಿದ ಹಂಪಮ್ಮ ಕಾಯಿಪಲ್ಯೆ ಮಾರ್ಕೆಟ್ಟಿನ ಹಿಂದೆ ನಿಂತಳು. ಕೋಸಿನ ಎಲೆ, ಹೂಕೋಸಿನ ದಂಟು ರಾಶಿಗಟ್ಟಲೆ ಬಿದ್ದು ಕೊಳೆಯುತ್ತಿದ್ದವು. ಅಲ್ಲಿಂದಲೇ ಫೋನು ಹಚ್ಚಿದಳು.

"ಆಕಳಾ ಟೆಂಪೋದಾಗ ಹೇರ್ಕೊಂಡು ಬಾ."

"ನಾನೂ ಬರಲೇನು?"

"ನೀ ಬರದಿದ್ರ ಹಾಲು ಯಾರು ಹಿಂಡ್ತಾರ?"

ಫೋನಿಟ್ಟಾಗ ಕಣ್ಣು ಒದ್ದೆಯಾಗಿತ್ತು. ನಿನ್ನೆಯ ಸಿಮೆಂಟಿನ ಧೂಳಿರಬೇಕೆಂದು ನಲ್ಲಿಯಲ್ಲಿ ತೊಳೆದುಕೊಂಡಳು.

ಊರಿನ ಮನೆಗೆ ಬೀಗ ಬಿತ್ತು. ಆಕಳನ್ನು ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಕಟ್ಟಿದರು. ಕಾವಲುಗಾರನಿಗೆ ದಿನವೂ ಒಂದು ಲೋಟ ಹಾಲು. ಕೋಸಿನ ಎಲೆ ಆಕಳಿಗೆ ಹಿಡಿಸಿತು. ಹತ್ತಿರದ ಫ್ಯಾಕ್ಟರಿಯೊಂದರ ಗೇಟಿನ ಚಹಾದಂಗಡಿಯವನು ಉಳಿದ ಹಾಲನ್ನೆಲ್ಲ ಕೊಂಡ. ದೀಪಾವಳಿ ಹೊತ್ತಿಗೆ ಹಂಪಮ್ಮ ಬುಟ್ಟಿ ಹೊರುವುದನ್ನು ಬಿಟ್ಟಳು.

ಆಮೇಲೊಮ್ಮೆ ಸ್ನೇಹಲತಾ ಕ್ಯಾಮೆರಾ ಹಿಡಿದು ಬಂದಳು. ಗುಳೆ ತಪ್ಪಿದ ಮನೆಗಳ ಫೋಟೋ ಪರದೇಶಕ್ಕೆ ಕಳಿಸಬೇಕಿತ್ತು.

"ಹಿಂದ ಬಿಲ್ಡಿಂಗ್ ಕಾಣದಂಗ ನಿಂದರ್ರಿ, ಅಕ್ಕಾ."

ಪಟಾನ್‌ಚೆರುವಿನ ಆ ಭಾಗದಲ್ಲಿ ಅಂಥ ಜಾಗ ಸಿಗಲಿಲ್ಲ. ಕೊನೆಗೆ ಹಂಪಮ್ಮ ಆಕಳ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಚಿತ್ರದ ತುಂಬ ಆಕಳೇ ಬಂತು.