ಜೀಪಿನಡಿ ಎಲೆಯಡಿಕೆ ಉಗಿದವರು ಯಾರು?

ಹೋದ ತಿಂಗಳು ಮೂರು ದಿನ ನಾನು ನಮ್ಮ ಅತ್ತೆಯ ಹಿಂದೆ ಪತ್ತೇದಾರನ ಹಾಗೆ ಸುತ್ತಿದೆ.

ಕಾರಣ ಇಷ್ಟೇ. ಬೆಳಿಗ್ಗೆ ಎದ್ದು ನೋಡಿದರೆ ಜೀಪಿನ ಮುಂದಿನ ಚಕ್ರದ ಪಕ್ಕ ಕೆಂಪಗೆ ಒಂದು ಕಲೆ. ಮಾರನೇ ದಿನ ಅಲ್ಲೇ ಇನ್ನೊಂದು. ನಮ್ಮ ಮನೆಯಲ್ಲಿ ಎಲೆಯಡಿಕೆ ಹಾಕುವವರು ಒಬ್ಬರೇ. (ಅತ್ತೆ ಅಂದರೆ ಹೊರಗಿನವರಲ್ಲ, ಸ್ವಂತ ಅಕ್ಕ. ನಾನು ಅಕ್ಕನ ಮಗಳನ್ನೇ ಮದುವೆಯಾದವನು. ಹಾಗಾಗಿ ನನಗೆ ಬೈಗುಳ ಎರಡೂ ಕಡೆಯಿಂದ ಬರುತ್ತದೆ, ಒಂದೇ ಬಾಯಿಂದ.)

ತಡೆಯಲಾರದೆ ಕೇಳಿಯೇಬಿಟ್ಟೆ. ಅಕ್ಕ ಬಾಯಲ್ಲಿದ್ದುದನ್ನು ಒಂದು ಕೆನ್ನೆಗೆ ಸರಿಸಿದಳು.

"ಉಗಿಯಕ್ಕೆ ಇಷ್ಟಗಲ ಒಲ ಬುಟ್ಟು ನಿನ್ನ ಜೀಪಿನಡೀಕೆ ತೂರ್ಕತೀನಾ? ಮುಟ್ಟಿ ನೋಡ್ಲಾ. ಎಣ್ಣೆ ಕಣ್ಲಾ ಅದು."

ಮುಟ್ಟಿದೆ. ಎಣ್ಣೆಯೇ. ಪವರ್ ಸ್ಟೀರಿಂಗ್ ಎಣ್ಣೆ. ಎಲೆಯಡಿಕೆಯೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

ನನ್ನದು ಹಳೇ ಫೋರ್ ವೀಲ್ ಡ್ರೈವ್ ಜೀಪು. ಆನೆಯಷ್ಟು ಭಾರ. ಬಾನೆಟ್ಟಿನೊಳಗೆ ಒಂದು ಪುಟ್ಟ ಡಬ್ಬಿ, ಅದರಲ್ಲಿ ಈ ಕೆಂಪು ಎಣ್ಣೆ. ಅದಿದ್ದರೆ ಸ್ಟೀರಿಂಗು ಹೇಳಿದ ಮಾತು ಕೇಳುತ್ತದೆ. ಅದು ಖಾಲಿಯಾದರೆ ಸ್ಟೀರಿಂಗು ರಾಗಿ ಬೀಸುವ ಕಲ್ಲು. ನಮ್ಮೂರಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯ ತಿರುವಿನಲ್ಲಿ ಯಾರಿಗೆ ಬೇಕು ಬೀಸುವ ಕಲ್ಲು?

ಅದೂ ಯಾವ ಸಮಯದಲ್ಲಿ! ನನ್ನ ಹೆಂಡತಿ ಭಾಗ್ಯ ಹೊಸದಾಗಿ ಲೈಸೆನ್ಸ್ ತೆಗೆದು, ದಿನಾ ಸಂಜೆ ಜೀಪು ಓಡಿಸಿ ಕೈ ಪಳಗಿಸಿಕೊಳ್ಳುತ್ತಿದ್ದಳು. ಸತ್ಯಮಂಗಲದಲ್ಲಿ ಅವಳ ತಂಗಿಯ ಗೃಹಪ್ರವೇಶ. ತಾನೇ ಜೀಪು ಓಡಿಸಿಕೊಂಡು ಬರುತ್ತೇನೆಂದು ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ಹೇಳಿಯಾಗಿತ್ತು. ನಮ್ಮ ಮನೆತನದ ಹೆಂಗಸರಲ್ಲಿ ಆ ಘಾಟಿ ಇಳಿಸಿದವರು ಯಾರೂ ಇಲ್ಲ. ಈ ಪ್ರಯಾಣ ನೆನೆದೇ ನಾನು ಮುಂಚಿತವಾಗಿ ಹೊಸ ಎಣ್ಣೆ ಬಾಟಲಿ ತಂದು ಡಬ್ಬಿ ತುಂಬಿಸಿದ್ದೆ. ಆದರೂ ಸೋರುತ್ತಿದೆ!

ನಾನು ಸುಮ್ಮನಿರುವವನೇ? ಜೀಪಿನಡಿ ಒಂದು ರಟ್ಟು ಹಾಸಿದೆ. ದಿನಾ ಬೆಳಿಗ್ಗೆ, ನಮ್ಮ ತಾಳವಾಡಿಯ ಮಂಜಿನಲ್ಲಿ, ಮಫ್ಲರ್ ಸುತ್ತಿಕೊಂಡು ಬಾನೆಟ್ ಎತ್ತುವುದು. ಅಳತೆ ಕಡ್ಡಿಯಲ್ಲಿ ಎರಡು ಗೆರೆ. ಎಂಜಿನ್ ತಣ್ಣಗಿದ್ದಾಗ ಕೆಳಗಿನದು, ಬಿಸಿಯಾದಾಗ ಮೇಲಿನದು. ಇದು ನನಗೆ ಗೊತ್ತು. ಆದರೂ ಇರಲಿ ಅಂತ ಮೇಲಿನ ಗೆರೆಗೇ ಸುರಿಯುತ್ತಿದ್ದೆ. (ಮನೆಯ ಬೀಗವನ್ನೂ ಎರಡು ಸಲ ಎಳೆದು ನೋಡುವವನು ನಾನು. ಮೂರನೇ ಸಲ, ಎಳೆದದ್ದಕ್ಕೆ ಸಡಿಲವಾಯಿತೇನೋ ಅಂತ.)

ಬಸ್ಸಲ್ಲೇ ಹೋಗೋಣ ಅಂದೆ. ಹೊರಡುವ ದಿನ ಭಾಗ್ಯ ಕೀ ತೆಗೆದುಕೊಂಡು, "ಮಾವ, ನೀವು ಬಸ್ಸಲ್ಲೇ ಬನ್ನಿ. ನಾನೂ ಅವ್ವನೂ ಜೀಪಲ್ಲಿ ಓಯ್ತೀವಿ" ಅಂದಳು.

ಎಡಗಡೆ ಸೀಟಿನಲ್ಲಿ ಕೂತೆ. ಇನ್ನೇನು ಮಾಡಲಿ?

ಘಾಟಿಯ ನೆತ್ತಿಯ ಮೇಲೆ, ದಿಂಬಂನಲ್ಲಿ, ಟೀ ಕುಡಿಯುವಾಗ ಬಾನೆಟ್ ಎತ್ತಲು ಹೊರಟೆ. ಲಿವರ್ ಇರುವುದು ಡ್ರೈವರ್ ಕಾಲಿನ ಹತ್ತಿರ. ಭಾಗ್ಯ ಗ್ಲಾಸು ಹಿಡಿದು ಸೀಟಿನಿಂದ ಏಳಲೇ ಇಲ್ಲ. ಆಮೇಲೆ ತಿರುವುಗಳು. ನನ್ನ ಕಡೆ ಇಲ್ಲದ ಬ್ರೇಕನ್ನು ನಾನು ತುಳಿದೇ ತುಳಿದೆ. ಒಂದು ತಿರುವಿನಲ್ಲಿ ಕೆಳಗಿಂದ ಲಾರಿ ಬಂತು. ಅವಳು ಮೇಲೆಯೇ ನಿಲ್ಲಿಸಿ ದಾರಿ ಬಿಟ್ಟಳು. ಲಾರಿಯವನು ಹತ್ತಿರ ಬಂದು ನೋಡಿ, ನಕ್ಕು, ತಮಿಳಿನಲ್ಲಿ "ಪೋಂಗಕ್ಕಾ", ಹೋಗಿ ಅಕ್ಕಾ, ಎಂದು ಕೈಯೆತ್ತಿ ಸಲಾಮು ಹೊಡೆದ. ಆಮೇಲೆ ಭಾಗ್ಯಳ ಮುಖ ನೋಡಬೇಕಿತ್ತು ನೀವು.

ಹೊಸ ಮನೆ ಮುಂದೆ ಜೀಪು ನಿಂತಿತು. ರಂಗೋಲಿಯ ಅಂಚಿಗೇ ಕೆಂಪಗೆ ಟಪ್ಪೆಂದು ಒಂದು ತೊಟ್ಟು! ವಾಪಸ್ ಘಾಟಿ ಹತ್ತುವುದು ಹೇಗೆ?

"ಕುಂಕುಮ ಅನ್ಕೊಂಡು ಒಳೀಕೆ ಬಾಲಾ" ಅಂದಳು ಅಕ್ಕ.

ಒಳಗೆ ಹಾಲುಕ್ಕಿಸುವ ಶಾಸ್ತ್ರ. ಅಕ್ಕ ಪಾತ್ರೆಗೆ ಕಂಠಮಟ್ಟ ಹಾಲು ಹೊಯ್ದು ಒಲೆಗಿಟ್ಟಳು. ಅಷ್ಟು ತುಂಬಿದರೆ ಚೆಲ್ಲುವುದಿಲ್ಲವೇ ಅಂತ ಅಕ್ಕನನ್ನು ಕೇಳಿದೆ.

"ಚೆಲ್ಲಲಿ ಅಂತಲೇ ಕಣ್ಲಾ ಉಯ್ದಿರದು. ತಣ್ಣಗಿರುವಾಗ ತುಂಬ್ಸುದ್ರೆ, ಬಿಸಿ ಆದ್ಮೇಲೆ ಆಲು ಎಲ್ಲೀಗ್ಲಾ ಓಗಬೇಕು?"

ಹಾಲು ಉಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೊಬ್ಬ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ತಣ್ಣಗಿರುವಾಗ ತುಂಬಿಸುವುದು, ಬಿಸಿಯಾದಾಗ ಉಕ್ಕುವುದು. ಉಕ್ಕಿದ್ದು ಸೋರಿದ್ದೆಂದು ಮತ್ತೆ ತುಂಬಿಸುವುದು! ಅಲ್ಲಿಗೆ ನಾನು ಇಷ್ಟು ದಿನ ಜೀಪಿಗೆ ದಿನಾ ಗೃಹಪ್ರವೇಶ ಮಾಡಿಸುತ್ತಿದ್ದೆನಲ್ಲ! ನಗು ತಡೆಯಲಾಗಲಿಲ್ಲ. ಐನೋರು ಮಂತ್ರ ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದರು.

ಊಟ ಮುಗಿಯುವ ಹೊತ್ತಿಗೆ ಎಂಜಿನ್ ಚೆನ್ನಾಗಿ ಆರಿತ್ತು. ಮೆಡಿಕಲ್ ಶಾಪಿನಿಂದ ದೊಡ್ಡ ಸಿರಿಂಜ್ ತಂದು, ಎಣ್ಣೆ ಕೆಳಗಿನ ಗೆರೆಗೆ ಇಳಿಯುವ ತನಕ ಎಳೆದು ತೆಗೆದೆ. ಸುತ್ತ ನೆಂಟರ ಗುಂಪು. ಅಳಿಯಂದಿರು ಜೀಪಿಗೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದಾರೆ ಅಂತ ಯಾರೋ ಅಂದರಂತೆ.

ವಾಪಸ್ ಭಾಗ್ಯ ಘಾಟಿ ಹತ್ತಿಸಿದ್ದು ಹೇಗೆ ಅಂತೀರಿ! ಸ್ಟೀರಿಂಗು ಅವಳ ಕೈಯಲ್ಲಿ ಬಳೆಯಷ್ಟು ಹಗುರ. ಒಂದೊಂದು ತಿರುವಿಗೂ ಹಿಂದಿನಿಂದ ಅಕ್ಕ "ಆಲು ಉಕ್ತೇನ್ಲಾ?" ಅನ್ನುವುದು, ನಾನು ಇಲ್ಲ ಅನ್ನುವುದು, ಮೂವರೂ ಬಿದ್ದು ಬಿದ್ದು ನಗುವುದು. ದಿಂಬಂನಲ್ಲಿ ಇಳಿದು ಬಗ್ಗಿ ನೋಡಿದೆ. ಒಂದು ತೊಟ್ಟೂ ಇಲ್ಲ. ಖುಷಿಗೆ ಅಲ್ಲಿದ್ದವರಿಗೆಲ್ಲ ಟೀ ಹೇಳಿದೆ.

ಯೋಚಿಸಿ. ತಲುಪಿದೆಯಾ ಅಂತ ಮಕ್ಕಳಿಗೆ ದಾರಿಯಲ್ಲೇ ನಾಲ್ಕು ಸಲ ಫೋನ್ ಮಾಡುತ್ತೇವೆ. ಐದನೆಯದಕ್ಕೆ ಸ್ವಿಚ್ ಆಫ್ ಬಂದರೆ ಗಾಬರಿಯಾಗುತ್ತೇವೆ. ಬ್ಯಾಟರಿ ಖಾಲಿ ಮಾಡಿದವರು ಯಾರು?

ಕೀ ಈಗ ಭಾಗ್ಯಳ ಸೊಂಟದಲ್ಲಿದೆ. ಬಾನೆಟ್ ಮುಟ್ಟಕೂಡದೆಂದು ನನಗೆ ಕಟ್ಟಪ್ಪಣೆ. ಜೀಪಿನಡಿಯ ರಟ್ಟು ಮೂರು ವಾರದಿಂದ ಒಣಗಿಕೊಂಡೇ ಇದೆ.

ಅದೆಲ್ಲ ಸರಿ, ಆದರೆ ಒಂದು ತೊಟ್ಟೂ ಬೀಳದಿದ್ದರೆ ಒಳಗೆ ಎಣ್ಣೆ ಇನ್ನೂ ಇದೆ ಅಂತ ನನಗೆ ಗೊತ್ತಾಗುವುದಾದರೂ ಹೇಗೆ?