ಅಣ್ಣಪ್ಪಾಚಾರ್ರ ಹೊಳಪು

ಪಾಲಿಶ್ ಮಾಡಿ ಮುಗಿಸಿದ ಮರಕ್ಕೆ ಬಾಯಿ ಹತ್ತಿರ ತಂದು ‘ಹಾ’ ಎಂದು ಉಸಿರು ಬಿಡುವುದು ಅಣ್ಣಪ್ಪಾಚಾರ್ರ ಅಭ್ಯಾಸ. ಕನ್ನಡಕ ಒರೆಸುವವರು ಗಾಜಿಗೆ ಊದುತ್ತಾರಲ್ಲ, ಹಾಗೆ. ಹೊಳೆಯುವ ಮೈಮೇಲೆ ಅಂಗೈಯಗಲ ಆವಿ ಕೂರುತ್ತಿತ್ತು. ಅವರು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಆವಿ ಅಂಚಿನಿಂದ ಒಳಕ್ಕೆ ಸಮನಾಗಿ ಆರಿಹೋದರೆ ಪಾಲಿಶ್ ಪಾಸು. ಎಲ್ಲಾದರೂ ಒಂದು ಚೂರು ತಡೆದು ನಿಂತಿತೋ, ಮತ್ತೆ ಉಪ್ಪುಕಾಗದ ಹಿಡಿದು ಉಜ್ಜಲು ಕೂರುತ್ತಿದ್ದರು. ಆಗ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. “ಕಣ್ಣಿಗೆ ಮೋಸ ಮಾಡ್ಬೋದು ಮಾರಾಯ, ಉಸಿರಿಗೆ ಆಗುದಿಲ್ಲ” ಎನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ಮೂಡಿಗೆರೆಯಲ್ಲಿ ನನ್ನದು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಆಗ ಎಸ್ಟೇಟ್ ಬಂಗಲೆಗಳಲ್ಲಿ ಸೊಂಟದೆತ್ತರದ ಸ್ಪೀಕರ್ ಇಟ್ಟುಕೊಳ್ಳುವ ಹುಚ್ಚು ಹಬ್ಬಿತ್ತು. ಒಳಗಿನ ವೈರಿನ ಕೆಲಸ ನನ್ನದು, ಹಲಸಿನ ಹಲಗೆಯ ಪೆಟ್ಟಿಗೆ ಬಾಳೂರಿನ ಅಣ್ಣಪ್ಪಾಚಾರ್ರದು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಒಣಕಲು ಆಳು, ಕಿವಿಯಲ್ಲಿ ಸದಾ ಒಂದು ಪೆನ್ಸಿಲ್ ಚೂರು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿ ಉಂಡೆಯನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ, ಮರದ ಮೇಲೆ ಎಂಟರ ಆಕಾರದಲ್ಲಿ ತಿರುಗಿಸುತ್ತ ತಿರುಗಿಸುತ್ತ ಹೊಳಪು ಎಬ್ಬಿಸುತ್ತಿದ್ದರು. ಅದೂ ದೀಪಾವಳಿಯಿಂದ ಶಿವರಾತ್ರಿಯ ತನಕ ಮಾತ್ರ. ಕಣದಲ್ಲಿ ಕಾಫಿ ಒಣಗುವ ಕಾಲವೇ ಪಾಲಿಶ್ ಒಣಗುವ ಕಾಲ ಎಂಬುದು ಅವರ ಲೆಕ್ಕ. ಮಳೆಗಾಲದಲ್ಲಿ ಅವರು ಬರೀ ಹಲಗೆ ಕೊಯ್ಯುತ್ತಿದ್ದರು. ಅವಸರ ಮಾಡಿದವರಿಗೆ ಒಂದು ಚೊಂಬು ಕಾಫಿ ಕುಡಿಸಿ, ಮಾತಾಡಿಸಿ, ವಾಪಸ್ ಕಳಿಸುತ್ತಿದ್ದರು.

ಅವರ ಮರ್ಯಾದೆಗೆ ಪೆಟ್ಟು ಬಿದ್ದದ್ದು ಒಂದು ಆಷಾಢದಲ್ಲಿ. ಹತ್ತಿರದ ಎಸ್ಟೇಟಿನ ಗೌಡರೊಬ್ಬರಿಗೆ ಮಾಡಿಕೊಟ್ಟ ಜೋಡಿ ಪೆಟ್ಟಿಗೆಗಳು ಜೀಪಿನಲ್ಲಿ ನನ್ನ ಅಂಗಡಿಗೆ ವಾಪಸ್ ಬಂದವು. ವಾರಗಟ್ಟಲೆ ಬಿಡದ ಮಳೆಯ ತೇವ ಹೀರಿ ಅರಗಿನ ಪಾಲಿಶ್ ಬೆಳ್ಳಗಾಗಿತ್ತು. ಮೇಲೆ ಯಾರೋ ಲೋಟ ಇಟ್ಟ ಗುಂಡನೆಯ ಗುರುತು ಬೇರೆ. ಆಚಾರ್ರೂ ಅವತ್ತು ಅಂಗಡಿಯಲ್ಲೇ ಇದ್ದರು. ಗೌಡರು ಕೆಟ್ಟವರಲ್ಲ, ನಗುತ್ತಲೇ ಕೇಳಿದರು: “ಏನ್ ಆಚಾರ್ರೇ, ಪೆಟ್ಟಿಗೆಗೆ ಬೂದಿ ಬಳ್ದು ಕೊಟ್ರಾ?” ಆಚಾರ್ರು ಬಗ್ಗಿ ಆ ಬಿಳಿ ಕಲೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಊರಿಗೆ ಹೋಗುವ ಬಸ್ಸು ಬಂದರೂ ಅವರಿಗೆ ಗೊತ್ತಾಗಲಿಲ್ಲ.

ನನಗೆ ಹಟ ಹತ್ತಿತು. ಬೆಂಗಳೂರಿಗೆ ಹೋದಾಗ ಅಂಗಡಿ ಅಂಗಡಿ ತಿರುಗಿ ಬೇರೆ ಬೇರೆ ಪಾಲಿಶ್ ಡಬ್ಬಿ ಹೊತ್ತು ತಂದೆ. ಆಚಾರ್ರು ಒಂದೇ ಹಲಸಿನ ಹಲಗೆಯನ್ನು ನಾಲ್ಕು ತುಂಡು ಮಾಡಿ, ಒಂದಕ್ಕೆ ಅರಗು, ಒಂದಕ್ಕೆ ವಾರ್ನಿಷ್, ಒಂದಕ್ಕೆ ಲ್ಯಾಕರ್, ಕೊನೆಯದಕ್ಕೆ ಎರಡು ಡಬ್ಬಿ ಬೆರೆಸಿ ಸ್ಪ್ರೇ ಗನ್ನಿನಲ್ಲಿ ಹೊಡೆಯುವ ಹೊಸ ಪಾಲಿಶ್ ಕೊಟ್ಟರು. ಮುಂದಿನ ವರ್ಷ ಮಳೆ ಹಿಡಿದಾಗಿನಿಂದ ಶ್ರಾವಣದ ತನಕ ಆ ನಾಲ್ಕು ತುಂಡುಗಳು ಅವರ ಬಚ್ಚಲಿನಲ್ಲಿ ಹಂಡೆಯ ಮೇಲೆ ನೇತಾಡಿದವು. ವಾರಕ್ಕೊಮ್ಮೆ ಇಳಿಸಿ ಅವುಗಳ ಮೇಲೆ ಸುಡುವ ಕಾಫಿ ಲೋಟ ಇಡುವ ಕೆಲಸ ಅವರ ಹೆಂಡತಿ ಸರಸಕ್ಕನದು. ಅರಗು ಮೊದಲ ತಿಂಗಳಲ್ಲೇ ಸೋತಿತು. ಲ್ಯಾಕರ್ ಬೆಳ್ಳಗಾಯಿತು, ವಾರ್ನಿಷ್ ಹಳದಿಯಾಗಿ ಬಿರಿಯಿತು. ಎರಡು ಡಬ್ಬಿಯ ಪಾಲಿಶ್‌ಗೆ ಮಾತ್ರ ಏನೂ ಆಗಲಿಲ್ಲ. ಆಚಾರ್ರು ಅದಕ್ಕೆ ಊದಿದರು, ಎಣಿಸಿದರು, ಮತ್ತೆ ಊದಿದರು. “ಇದು ಗೆದ್ದಿತು ಬಿಡು” ಎಂದರು. ಆದರೆ ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಜೀವಮಾನವಿಡೀ ಕೈಯಲ್ಲಿ ತಿರುಗಿಸಿದ ಅರಗು ಕಣ್ಣೆದುರೇ ಸೋತಿತ್ತಲ್ಲ.

ಮುಂದಿನದ್ದನ್ನು ಹೇಳುವುದೇ ನನಗೆ ಕಷ್ಟ. ಗೌರಿ ಹಬ್ಬಕ್ಕೆ ನೆಂಟರು ಬರುವ ಮೊದಲು ತಮ್ಮ ಜೋಡಿ ಪೆಟ್ಟಿಗೆ ಹೊಸ ಪಾಲಿಶ್ ಆಗಿ ವಾಪಸ್ ಬೇಕು ಎಂದರು ಗೌಡರು. ದೀಪಾವಳಿಯ ತನಕ ಕಾಯೋಣ ಎಂದರು ಆಚಾರ್ರು. ನಾನು ಅವರನ್ನು ಕೇಳದೆಯೇ ಗೌಡರಿಗೆ ಆಗಲಿ ಎಂದುಬಿಟ್ಟಿದ್ದೆ. ನನ್ನ ನಾಲಿಗೆ ಬಿದ್ದುಹೋಗಬೇಕಿತ್ತು. ಬಾಳೂರಿನ ಮಂಜು ಗೊತ್ತಲ್ಲ, ಕಿಟಕಿ ತೆಗೆದರೆ ಕೋಣೆಯೊಳಗೇ ಬಂದು ಕೂರುತ್ತದೆ. ಹಸಿ ಪಾಲಿಶ್‌ಗೆ ತೇವ ತಾಗಿದರೆ ಗುಳ್ಳೆ ಏಳುತ್ತದೆ. ಅದಕ್ಕೆ ನಾನು ಅವರ ಕೆಲಸದ ಕೋಣೆಯ ಕಿಟಕಿ ಮುಚ್ಚಿ, ಸಂದಿಗೆಲ್ಲ ಗೋಣಿಚೀಲ ತುರುಕಿದೆ. ಒಳಗೆ ಬಿಸಿಗೆಂದು ನಾಲ್ಕು ದೊಡ್ಡ ಬಲ್ಬು ಉರಿಸಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದ್ದೆ.

ಒಂದು ಕೈ ಪಾಲಿಶ್ ಹೊಡೆದು ಆಚಾರ್ರು ಹೊರಗೆ ಬಂದರು. ಕಣ್ಣಲ್ಲಿ ನೀರು, ಮೂಗಿಗೆ ಕಟ್ಟಿದ ಟವಲು ಒದ್ದೆ. “ಒಂದು ಕಿಟಕಿ ಆದ್ರೂ ತೆಗಿಯನಾ ಮಾರಾಯ? ಎದೆ ಹಿಡ್ಕಂಡಂಗೆ ಆಗ್ತದೆ” ಎಂದರು.

“ತೆಗೆದ್ರೆ ಮಂಜು ಬರ್ತದೆ ಆಚಾರ್ರೇ. ಇನ್ನೊಂದೇ ಕೈ” ಎಂದೆ ನಾನು.

ಅವರು ಟವಲು ಹಿಂಡಿ ಮತ್ತೆ ಕಟ್ಟಿಕೊಂಡು ಒಳಗೆ ಹೋದರು.

ಗೌಡರ ಮನೆಗೆ ಬಂದ ನೆಂಟರೆಲ್ಲ ಪೆಟ್ಟಿಗೆಯಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು ಎಂದು ಹೊಗಳಿದರಂತೆ. ಕಳಸ, ವಸ್ತಾರೆ ಕಡೆಯಿಂದೆಲ್ಲ ಕೆಲಸ ಬಂತು. ಆಮೇಲೆ ನಾಲ್ಕು ವರ್ಷ ಆ ಕಿಟಕಿ ತೆರೆಯಲೇ ಇಲ್ಲ. ಬಿಸಿಲುಗಾಲದಲ್ಲಿ ಧೂಳು ಬರುತ್ತದೆ ಎಂದು ಮುಚ್ಚಿಟ್ಟೆವು. ಆಚಾರ್ರಿಗೆ ಮೊದಲು ಕೆಮ್ಮು ಬಂತು, ಥಂಡಿ ಎಂದು ಕಾಳುಮೆಣಸಿನ ಕಷಾಯ ಕುಡಿದರು. ಆಮೇಲೆ ಬಸ್‌ಸ್ಟ್ಯಾಂಡಿನಿಂದ ನನ್ನ ಅಂಗಡಿಗೆ ಬರಲು ಎರಡು ಸಲ ನಿಲ್ಲತೊಡಗಿದರು. ಕೊನೆಗೆ ಚಿಕ್ಕಮಗಳೂರಿನ ಡಾಕ್ಟರು ಯಾವ ಕೆಲಸ ಎಂದು ಕೇಳಿ, ಆ ಪಾಲಿಶ್ ವಾಸನೆಯ ಹತ್ತಿರಕ್ಕೂ ಹೋಗಬೇಡಿ ಎಂದರು. ಆಗಲೇ ತಡವಾಗಿತ್ತು. ಅವರನ್ನು ಕರೆದುಕೊಂಡು ಹೋದವನು ನಾನೇ. ವಾಪಸ್ ಬರುವಾಗ ದಾರಿಯುದ್ದಕ್ಕೂ ಕಾಫಿ ರೇಟಿನ ಮಾತಾಡಿದೆ, ಕಿಟಕಿಯ ಮಾತು ಎತ್ತಲಿಲ್ಲ. ಹೇಡಿ ನಾನು.

ಮರುವರ್ಷ ಬೇಸಿಗೆಯಲ್ಲಿ ಗೌಡರ ಒಂದು ಪೆಟ್ಟಿಗೆ, ಒಳಗಿನ ಸ್ಪೀಕರಿನ ಕಾಗದ ಹರಿದು, ರಿಪೇರಿಗೆ ಬಂತು. ಪಾಲಿಶ್‌ಗೆ ಒಂದು ಗೀರೂ ಇರಲಿಲ್ಲ. ಆಚಾರ್ರಿಗೆ ತೋರಿಸೋಣ ಎಂದು ಜೀಪಿನಲ್ಲಿ ಬಾಳೂರಿಗೆ ಹೊತ್ತು ಹೋದೆ. ಮಂಚದ ಮೇಲೆ ಮೂರು ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಸಿಗುವುದಿಲ್ಲ ಎಂದರು ಸರಸಕ್ಕ. ಪೆಟ್ಟಿಗೆಯನ್ನು ಹತ್ತಿರ ಇಟ್ಟೆ. ಅವರು ಮೂಲೆ ಸವರಿದರು, ಜೋಡಣೆಗೆ ಉಗುರು ತಾಗಿಸಿ ನೋಡಿದರು, ಬಾಯಿ ಹತ್ತಿರ ತಂದರು. ಆಗಲಿಲ್ಲ. ಕೆಮ್ಮು ಒತ್ತರಿಸಿ ಬಂದು ಹಿಂದಕ್ಕೆ ಒರಗಿದರು. ಸುಮಾರು ಹೊತ್ತಾದ ಮೇಲೆ ಕೈ ಸನ್ನೆ ಮಾಡಿದರು.

“ನೀನೇ ಊದು.”

ನಾನು ಊದಿದೆ. ಆವಿ ಕೂತಿತು. ಅವರು ತುಟಿಯಲ್ಲೇ ಎಣಿಸಿದರು. ಮೂರಕ್ಕೆ ಸರಿಯಾಗಿ ಆರಿತು. ಆಗ ನನಗೆ ತಡೆಯಲಾಗಲಿಲ್ಲ. ಅವತ್ತು ಕಿಟಕಿ ತೆಗೆಯಲು ಬಿಡದವನು ನಾನು ಎಂದು ಹೇಳಿಬಿಟ್ಟೆ. ‘ಇಲ್ಲ ಬಿಡು, ಹಣೆಬರಹ’ ಎನ್ನುತ್ತಾರೆ ಎಂಬ ಆಸೆ ಎಲ್ಲೋ ಇತ್ತು ನನಗೆ.

ಆಚಾರ್ರು ನನ್ನನ್ನೇ ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ಹೌದು. ನೀ ತೆಗಿ ಅಂದಿದ್ರೆ ತೆಗೀತಿದ್ದೆ ಮಾರಾಯ.”

ಅಷ್ಟೇ. ಸರಸಕ್ಕನ ಕಡೆ ತಿರುಗಿ ನನಗೆ ಕಾಫಿ ಕೊಡಲು ಹೇಳಿದರು.

ಆ ವರ್ಷದ ಮಳೆ ಹಿಡಿಯುವ ಮೊದಲೇ ಅವರು ಹೋದರು. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಸರಸಕ್ಕ ಕೆಲಸದ ಕೋಣೆಯ ಬೀಗದ ಕೈ ಕೊಟ್ಟು, ಬೇಕಾದ ಸಾಮಾನು ತೆಗೆದುಕೊಂಡು ಹೋಗಿ ಎಂದರು. ಸಾಮಾನು ಯಾರಿಗೆ ಬೇಕು? ನಾನು ನೇರ ಕಿಟಕಿಯ ಹತ್ತಿರ ಹೋಗಿ ಸಂದಿಯ ಗೋಣಿಚೀಲ ಎಳೆದೆ. ಬರಲಿಲ್ಲ. ನಾಲ್ಕು ವರ್ಷ ಗಾಳಿಯಲ್ಲಿ ಹಾರಿದ ಪಾಲಿಶ್ ಅದರ ಮೇಲೆ ಕೂತು ಕೂತು, ಚೀಲ ಚೌಕಟ್ಟಿಗೇ ಅಂಟಿ ಕಲ್ಲಾಗಿತ್ತು. ಅವರ ಉಳಿ, ಕೊಡತಿ ತಂದು ಇಷ್ಟಿಷ್ಟೇ ಕೆತ್ತಿದೆ. ಮಧ್ಯಾಹ್ನವೆಲ್ಲ ಹಿಡಿಯಿತು. ಆಮೇಲೆ ಕಿಟಕಿ ತೆಗೆದೆ.